ಬರಹಗಾರರಿಗೆ ಸಲಹೆ: ಕೋಷ್ಟಕ ಬಿಡಿ, ಡೋಪಮೈನ್ ಬೆನ್ನು ಹತ್ತಿ

ನಮಸ್ಕಾರ.

‘ಮನಸ್ಸಿನ ರಸಾಯನ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಭಾಷೆ ಸೊಗಸಾಗಿದೆ, ವಾಕ್ಯಗಳು ಎಲ್ಲೂ ಮುಗ್ಗರಿಸುವುದಿಲ್ಲ. ತೊಂದರೆ ಇರುವುದು ಒಳಗಿನ ಕಟ್ಟಿನಲ್ಲಿ. ಮೊದಲ ಪುಟದಲ್ಲೇ ಒಂದು ಕೋಷ್ಟಕ ಹಾಕಿದ್ದೀರಿ: ಖಿನ್ನತೆಗೆ ಸೆರೊಟೋನಿನ್ ಕೊರತೆ, ಸ್ಕಿಜೋಫ್ರೀನಿಯಾಕ್ಕೆ ಡೋಪಮೈನ್ ಹೆಚ್ಚಳ, ಆತಂಕಕ್ಕೆ ಗಾಬಾ ಕೊರತೆ, ಭಯಕ್ಕೆ ಅಮಿಗ್ಡಲಾ. ಮೊದಲ ಮೂರು ನರವಾಹಕಗಳು, ಅಂದರೆ ನರಕೋಶದಿಂದ ನರಕೋಶಕ್ಕೆ ಸಂಕೇತ ಒಯ್ಯುವ ರಾಸಾಯನಿಕಗಳು; ಅಮಿಗ್ಡಲಾ ಮಿದುಳಿನ ಒಂದು ಭಾಗ. ಮುಂದಿನ ಹತ್ತು ಪುಟ ಆ ಕೋಷ್ಟಕಕ್ಕೇ ಉಪ್ಪುಖಾರ ಹಚ್ಚಿದ ಹಾಗಿದೆ. ಒಂದು ಕಾಯಿಲೆಗೆ ಒಂದು ರಾಸಾಯನಿಕ ಎಂದು ಹಂಚಿಬಿಟ್ಟರೆ ನೆನಪಿಟ್ಟುಕೊಳ್ಳಲು ಸುಲಭ, ಒಪ್ಪುತ್ತೇನೆ. ಆದರೆ ಮಿದುಳು ಆ ಲೆಕ್ಕದಲ್ಲಿ ನಡೆಯುವುದಿಲ್ಲ, ಔಷಧಗಳೂ ನಡೆಯುವುದಿಲ್ಲ.

ಮೊದಲು ಸೆರೊಟೋನಿನ್. ‘ದೇಹದ ಶೇ 90ರಷ್ಟು ಸೆರೊಟೋನಿನ್ ಕರುಳಿನಲ್ಲಿದೆ, ಆದ್ದರಿಂದ ಹೊಟ್ಟೆ ಸರಿಯಿದ್ದರೆ ಮನಸ್ಸು ಸರಿ’ ಎಂದಿದ್ದೀರಿ. ಮೊದಲರ್ಧ ಸರಿ, ‘ಆದ್ದರಿಂದ’ ತಪ್ಪು. ರಕ್ತಕ್ಕೂ ಮಿದುಳಿಗೂ ನಡುವೆ ತಡೆಗೋಡೆಯೊಂದಿದೆ. ಕರುಳಿನ ಸೆರೊಟೋನಿನ್ ಅದನ್ನು ದಾಟುವುದಿಲ್ಲ. ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ದಾಟುತ್ತದೆ. ಅದರಿಂದ ಸೆರೊಟೋನಿನ್ ತಯಾರಿಸುವುದು ಮಿದುಳುಕಾಂಡದ ನಡುಗೆರೆಯಲ್ಲಿರುವ ರಾಫೆ ಎಂಬ ನರಕೋಶಗಳ ಗುಂಪು. ಕರುಳು ಮತ್ತು ಮಿದುಳಿನ ನಂಟು ಬೇರೆ ದಾರಿಗಳಲ್ಲಿದೆ, ಅದನ್ನು ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ.

‘ಖಿನ್ನತೆ ಎಂದರೆ ಸೆರೊಟೋನಿನ್ ಕೊರತೆ’ ಎಂಬ ಸಾಲನ್ನು ಪೂರ್ತಿ ತೆಗೆಯಿರಿ. ಆ ಊಹೆ ಹುಟ್ಟಿದ್ದೇ ಔಷಧದಿಂದ ಹಿಂದಕ್ಕೆ ನಡೆದು. 1950ರ ದಶಕದಲ್ಲಿ ಕ್ಷಯಕ್ಕೆಂದು ಕೊಟ್ಟ ಇಪ್ರೊನಿಯಾಜಿಡ್‌ನಿಂದ ರೋಗಿಗಳಲ್ಲಿ ಲವಲವಿಕೆ ಬಂತು. ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ. ಇವು ಹೆಚ್ಚಿದರೆ ಮನಸ್ಸು ಹಗುರಾಗುವುದಾದರೆ ಕಾಯಿಲೆಯ ಮೂಲ ಇವುಗಳ ಕೊರತೆಯೇ ಇರಬೇಕು ಎಂದು ತರ್ಕ ಓಡಿತು. ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ಟ್ರಿಪ್ಟೊಫಾನ್ ಇಲ್ಲದ ಪೇಯ ಕುಡಿಸಿ ಮಿದುಳಿನ ಸೆರೊಟೋನಿನ್ ಇಳಿಸಿದಾಗ, ಹಿಂದೆ ಖಿನ್ನತೆ ಬಾರದ ಆರೋಗ್ಯವಂತರಿಗೆ ಖಿನ್ನತೆ ಬರಲಿಲ್ಲ. ಔಷಧದಿಂದ ಚೇತರಿಸಿಕೊಂಡಿದ್ದ ಕೆಲವರಲ್ಲಿ ಮಾತ್ರ ಲಕ್ಷಣಗಳು ಮರಳಿದವು. ಜೊಆನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಜಾಲಾಡಿದಾಗಲೂ ಕೊರತೆಗೆ ಗಟ್ಟಿ ಪುರಾವೆ ಸಿಗಲಿಲ್ಲ. ಹಾಗೆಂದು ಮಾತ್ರೆ ಕೆಲಸ ಮಾಡುವುದೇ ಇಲ್ಲ ಎಂದು ಆ ಕಡೆಗೆ ವಾಲಬೇಡಿ. ಅದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಪ್ರಯೋಗಗಳಿವೆ.

ಇಲ್ಲೇ ನೀವು ಕೈಬಿಟ್ಟ ಒಳ್ಳೆಯ ಸಂಗತಿಯೊಂದಿದೆ. ಫ್ಲುಆಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆ, ನರಕೋಶ ತಾನು ಬಿಟ್ಟ ಸೆರೊಟೋನಿನ್ನನ್ನು ಮರಳಿ ಹೀರಿಕೊಳ್ಳುವುದನ್ನು ಕೆಲವೇ ಗಂಟೆಗಳಲ್ಲಿ ತಡೆಯುತ್ತದೆ. ಮನಸ್ಸು ತಿಳಿಯಾಗಲು ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ನಡುವಿನ ದಿನಗಳಲ್ಲಿ ಏನಾಗುತ್ತದೆ? ಒಂದು ವಿವರಣೆ ಹೀಗಿದೆ: ರಾಫೆಯ ನರಕೋಶಗಳ ಮೈಮೇಲೇ ಸೆರೊಟೋನಿನ್ ಬಂದು ಕೂರುವ, ಅದನ್ನು ಅಳೆಯುವ ತಾಣಗಳು, ಅಂದರೆ ರಿಸೆಪ್ಟರ್‌ಗಳಿವೆ. ಮಟ್ಟ ಏರಿದೊಡನೆ ಅವು ಬ್ರೇಕ್ ಒತ್ತುತ್ತವೆ, ನರಕೋಶ ಸಂಕೇತ ಕಳಿಸುವುದನ್ನು ತಗ್ಗಿಸುತ್ತದೆ. ವಾರಗಳು ಕಳೆದಂತೆ ಆ ಬ್ರೇಕ್ ಸವೆಯುತ್ತದೆ. ನರಕೋಶಗಳ ನಡುವಿನ ಜೋಡಣೆಗಳೇ ನಿಧಾನವಾಗಿ ಬದಲಾಗುತ್ತವೆ ಎಂಬುದು ಇನ್ನೊಂದು ವಿವರಣೆ. ಗ್ಲುಟಮೇಟ್ ಎಂಬ ಇನ್ನೊಂದು ನರವಾಹಕದ ವ್ಯವಸ್ಥೆಯ ಮೇಲೆ ಕೆಲಸ ಮಾಡುವ ಕೆಟಮೈನ್ ಕೆಲವರಲ್ಲಿ ಗಂಟೆಗಳಲ್ಲೇ ಪರಿಣಾಮ ತೋರುತ್ತದೆ. ಇವೆರಡನ್ನು ಪಕ್ಕಪಕ್ಕ ಇಡಿ, ಓದುಗ ತಾನಾಗಿಯೇ ಪ್ರಶ್ನೆ ಕೇಳುತ್ತಾನೆ.

ಈಗ ಡೋಪಮೈನ್. ನಿಮ್ಮ ಲೇಖನಕ್ಕೆ ಬೆನ್ನೆಲುಬಾಗಬೇಕಾದದ್ದು ಇದು. ನೀವು ಕೊಟ್ಟಿರುವುದು ಎರಡು ಸಾಲು: ‘ಡೋಪಮೈನ್ ಹೆಚ್ಚಾದರೆ ಸ್ಕಿಜೋಫ್ರೀನಿಯಾ, ಕಡಿಮೆಯಾದರೆ ಪಾರ್ಕಿನ್ಸನ್. ವೈದ್ಯರು ಇದನ್ನು ಸಮತೋಲನಕ್ಕೆ ತರುತ್ತಾರೆ.’ ಹೆಚ್ಚು ಎಲ್ಲಿ, ಕಡಿಮೆ ಎಲ್ಲಿ? ಮುಖ್ಯವಾಗಿ ನಾಲ್ಕು ದಾರಿಗಳಿವೆ. ಮೂರು ನಡುಮಿದುಳಿನಿಂದ ಹೊರಡುತ್ತವೆ: ಒಂದು ಭಾವನೆ, ಪ್ರೇರಣೆಗಳ ಜಾಲಕ್ಕೆ, ಒಂದು ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸ್‌ಗೆ, ಒಂದು ಚಲನೆಯನ್ನು ಹದಗೊಳಿಸುವ ಸ್ಟ್ರಯಾಟಂಗೆ. ನಾಲ್ಕನೆಯದು ಹೈಪೊಥಲಾಮಸ್‌ನಿಂದ ಪಿಟ್ಯುಟರಿ ಗ್ರಂಥಿಯ ಕಡೆಗೆ ಹೋಗಿ ಎದೆಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಹಿಡಿತದಲ್ಲಿಡುತ್ತದೆ.

ಸ್ಕಿಜೋಫ್ರೀನಿಯಾಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಮಾತ್ರೆಯನ್ನು ಈ ನಾಲ್ಕೂ ದಾರಿಗಳಲ್ಲಿ ನಡೆಸಿ ನೋಡಿ. ಅದು ಡೋಪಮೈನ್‌ನ ಡಿ2 ರಿಸೆಪ್ಟರ್‌ಗಳ ಮೇಲೆ ಕೂತು ದಾರಿ ಅಡ್ಡಗಟ್ಟುತ್ತದೆ; ಯಾವ ಬೀದಿ ಎಂದು ಕೇಳುವುದಿಲ್ಲ. ಒಂದೆಡೆ ಯಾರೂ ಇಲ್ಲದೆಯೂ ಕಿವಿಯಲ್ಲಿ ಕೇಳುವ ದನಿಗಳು, ಸಂಶಯಗಳು ತಗ್ಗುತ್ತವೆ. ಚಲನೆಯ ದಾರಿಯಲ್ಲಿ ಅದೇ ತಡೆ ಕೈಕಾಲು ಬಿಗಿತ, ನಡುಕ ತರುತ್ತದೆ, ಅಂದರೆ ಔಷಧವೇ ಪಾರ್ಕಿನ್ಸನ್ ಅಣಕಿಸುತ್ತದೆ. ಪಿಟ್ಯುಟರಿಯ ದಾರಿಯಲ್ಲಿ ಪ್ರೊಲ್ಯಾಕ್ಟಿನ್ ಏರಿ ಮುಟ್ಟು ತಪ್ಪಬಹುದು, ಬಾಣಂತಿಯಲ್ಲದವರ ಎದೆಯಲ್ಲೂ ಹಾಲು ಒಸರಬಹುದು. ಪ್ರೀಫ್ರಂಟಲ್ ದಾರಿಯಲ್ಲಿ ಈ ಕಾಯಿಲೆಯವರಿಗೆ ಡೋಪಮೈನ್ ಮೊದಲೇ ಮಂದವಾಗಿರುತ್ತದೆ ಎಂಬ ಅಭಿಪ್ರಾಯವಿದೆ. ಉತ್ಸಾಹ ಬತ್ತುವುದು, ಮಾತು ಕಡಿಮೆಯಾಗುವುದು ಈ ಮಾತ್ರೆಗಳಿಗೆ ಅಷ್ಟಾಗಿ ಬಗ್ಗದಿರಲು ಅದೂ ಒಂದು ಕಾರಣವಿರಬಹುದು.

ಅಂಕಿ ಬೇಕಿದ್ದರೆ ಇಲ್ಲಿ ಬಳಸಿ. ಔಷಧ ಎಷ್ಟು ರಿಸೆಪ್ಟರ್ ಹಿಡಿದಿದೆ ಎಂದು ಅಳೆಯಬಲ್ಲ ಪೆಟ್ ಸ್ಕ್ಯಾನ್ ಅಧ್ಯಯನಗಳ ಪ್ರಕಾರ, ಇಂಥ ಔಷಧ ಫಲ ಕೊಡಲು ಸ್ಟ್ರಯಾಟಂನ ಡಿ2 ರಿಸೆಪ್ಟರ್‌ಗಳಲ್ಲಿ ಸುಮಾರು ಶೇ 65ರಷ್ಟು ಮುಚ್ಚಬೇಕು. ಶೇ 80ರ ಹತ್ತಿರ ಹೋದರೆ ಬಿಗಿತ, ನಡುಕ ಶುರು. ಡೋಸ್ ಏರಿಸುತ್ತ ಹೋದರೆ ಗುಣ ಹೆಚ್ಚುವ ಬದಲು ಕಾಟವೇ ಹೆಚ್ಚುವುದು ಏಕೆಂದು ಈ ಎರಡು ಸಂಖ್ಯೆಗಳೇ ಹೇಳುತ್ತವೆ. ದಾರಿಗಳ ಹಂಚಿಕೆಯೂ ಕಲ್ಲಿನಲ್ಲಿ ಕೊರೆದದ್ದಲ್ಲ: ಸ್ಕಿಜೋಫ್ರೀನಿಯಾದಲ್ಲಿ ಡೋಪಮೈನ್ ತಯಾರಿಕೆಯ ಹೆಚ್ಚಳ ಪಠ್ಯಪುಸ್ತಕಗಳು ಹೇಳುತ್ತಿದ್ದ ಭಾವನೆಯ ದಾರಿಗಿಂತ ಸ್ಟ್ರಯಾಟಂನ ಮೇಲ್ಭಾಗದಲ್ಲೇ ಎದ್ದು ಕಾಣುತ್ತಿದೆ. ಇನ್ನು 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜಾನೊಮೆಲಿನ್–ಟ್ರೋಸ್ಪಿಯಂ ಡಿ2ವನ್ನು ತಡೆಯುವುದೇ ಇಲ್ಲ. ಅದು ಅಸಿಟೈಲ್‌ಕೋಲಿನ್ ಎಂಬ ಬೇರೊಂದು ನರವಾಹಕದ ಮಸ್ಕರಿನಿಕ್ ರಿಸೆಪ್ಟರ್‌ಗಳ ಮೂಲಕ ಕೆಲಸ ಮಾಡುತ್ತದೆ. ನಿಮ್ಮ ಕೋಷ್ಟಕದಲ್ಲಿ ಅದನ್ನು ಎಲ್ಲಿ ಕೂರಿಸುತ್ತೀರಿ?

ಗಾಬಾ ವಿಷಯ ಚಿಕ್ಕದು. ಆತಂಕಕ್ಕೆ ಕೊಡುವ ಡಯಾಜೆಪಾಮ್ ಗಾಬಾದ ಪ್ರಮಾಣವನ್ನು ಹೆಚ್ಚಿಸುವುದಿಲ್ಲ. ರಿಸೆಪ್ಟರ್‌ನ ಇನ್ನೊಂದು ಮಗ್ಗುಲಲ್ಲಿ ಕೂತು, ಗಾಬಾ ಬಂದಾಗ ನರಕೋಶವನ್ನು ಶಾಂತಗೊಳಿಸುವ ಕ್ಲೋರೈಡ್ ಒಳಬರುವ ಬಾಗಿಲು ಹೆಚ್ಚು ಸಲ ತೆರೆಯುವಂತೆ ಮಾಡುತ್ತದೆ, ಅಷ್ಟೆ. ಆದ್ದರಿಂದ ಅದರಿಂದ ಆತಂಕ ತಗ್ಗಿದ್ದು ಗಾಬಾ ಕೊರತೆಗೆ ಸಾಕ್ಷಿಯಾಗದು.

ಅಮಿಗ್ಡಲಾಕ್ಕೆ ‘ಭಯದ ಕೇಂದ್ರ’ ಎಂದು ಪಟ್ಟ ಕಟ್ಟಿದ್ದೀರಿ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಎರಡೂ ಬದಿಯ ಅಮಿಗ್ಡಲಾ ಹಾಳಾಗಿದ್ದ ಮೂವರಿಗೆ ಶೇ 35 ಕಾರ್ಬನ್ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಂದು ಉಸಿರು ಎಳೆಯಲು ಕೊಟ್ಟರು. ಮೂವರಿಗೂ ಜೀವ ಹೋಗುವಷ್ಟು ದಿಗಿಲಾಯಿತು. ಹೊರಗಿನ ಅಪಾಯವನ್ನು ಗುರುತಿಸಲು ಅಮಿಗ್ಡಲಾ ಬೇಕು, ದೇಹದೊಳಗಿಂದ ಏಳುವ ದಿಗಿಲಿಗೆ ಅದು ಇರಲೇಬೇಕೆಂದಿಲ್ಲ. ಹೀಗೆ ಬರೆಯಿರಿ, ‘ಕೇಂದ್ರ’ ಎಂಬ ಪದದ ಹಂಗೇ ಬೇಕಾಗುವುದಿಲ್ಲ.

‘ಸ್ಕ್ಯಾನ್ ಮಾಡಿದರೆ ಕುಗ್ಗಿದ ಹಿಪೊಕ್ಯಾಂಪಸ್ (ನೆನಪಿಗೆ ಬೇಕಾದ ಮಿದುಳಿನ ಭಾಗ) ಕಾಣುತ್ತದೆ, ಅದೇ ಖಿನ್ನತೆಯ ಗುರುತು’ ಎಂದಿರುವುದು ಸರಾಸರಿಯನ್ನು ವ್ಯಕ್ತಿಗೆ ಅಂಟಿಸಿದ ತಪ್ಪು. ನೂರಾರು ಜನರ ಎರಡು ಗುಂಪುಗಳನ್ನು ಹೋಲಿಸಿದಾಗ ಸಣ್ಣ ವ್ಯತ್ಯಾಸ ಸಿಗುತ್ತದೆ. ಗುಂಪುಗಳು ಬಹುಪಾಲು ಒಂದರ ಮೇಲೊಂದು ಬೀಳುತ್ತವೆ. ಒಬ್ಬರ ಸ್ಕ್ಯಾನ್ ನೋಡಿ ಖಿನ್ನತೆ ಇದೆಯೋ ಇಲ್ಲವೋ ಹೇಳಲಾಗದು. ವೈದ್ಯರು ಸ್ಕ್ಯಾನ್ ಮಾಡಿಸುವುದು ಗೆಡ್ಡೆ, ರಕ್ತಸ್ರಾವದಂಥ ಬೇರೆ ಕಾರಣ ಇಲ್ಲವೆಂದು ಖಚಿತಪಡಿಸಿಕೊಳ್ಳಲು.

ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಯನ್ನು ಬಿಟ್ಟೇಬಿಟ್ಟಿದ್ದೀರಿ, ಬಹುಶಃ ಕೋಷ್ಟಕಕ್ಕೆ ಹೊಂದಲಿಲ್ಲವೆಂದು. 1949ರಲ್ಲಿ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಬಳಸಿ ವರದಿ ಮಾಡಿದರು. ಅದು ಯಾವ ಒಂದು ನರವಾಹಕಕ್ಕೂ ಸೇರದೆ, ಜೀವಕೋಶದೊಳಗಿನ ಸಂಕೇತಗಳಲ್ಲೇ ಕೈಯಾಡಿಸುತ್ತದೆ. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಔಷಧ, 1.5 ದಾಟಿದರೆ ವಾಂತಿ, ಒರಟು ನಡುಕ, ತೂರಾಟ. ಒಂದು ಪ್ಯಾರಾ ಸಾಕು, ಆದರೆ ಇರಲೇಬೇಕು.

ಪದಗಳ ಬಗ್ಗೆ ಎರಡು ಮಾತು. ರಿಸೆಪ್ಟರ್‌ಗೆ ‘ಗ್ರಾಹಕ’ ಎಂದು ಬಳಸಿದ್ದೀರಿ. ‘ಔಷಧವು ಗ್ರಾಹಕರನ್ನು ತಡೆಯುತ್ತದೆ’ ಎಂಬ ವಾಕ್ಯ ಓದಿದರೆ ಅಂಗಡಿಯ ಬಾಗಿಲಲ್ಲಿ ಕಾವಲುಗಾರ ನಿಂತಂತೆ ಕಾಣುತ್ತದೆ. ‘ರಿಸೆಪ್ಟರ್’ ಎಂದೇ ಇಡಿ, ಮೊದಲ ಸಲ ಮಾತ್ರ ವಿವರಿಸಿ. ಮಿದುಳಿನ ಸೆರೊಟೋನಿನ್ನನ್ನು ‘ಸಂತೋಷದ ಹಾರ್ಮೋನು’ ಎನ್ನಬೇಡಿ. ಅಲ್ಲಿ ಅದು ನರವಾಹಕ. ನರಕೋಶಗಳ ಸಂಖ್ಯೆ ಹತ್ತು ಸಾವಿರ ಕೋಟಿ ಎಂಬುದು ಹಳೆಯ ಅಂದಾಜು. 2009ರ ಎಣಿಕೆಯಂತೆ ಸುಮಾರು 8,600 ಕೋಟಿ.

ಕೊನೆಯ ಪುಟದ ಒಂದು ಸಾಲನ್ನಂತೂ ಯಾವ ರೂಪದಲ್ಲೂ ಒಪ್ಪುವುದಿಲ್ಲ: ‘ನಡಿಗೆ, ನಗುವಿನಿಂದ ಸೆರೊಟೋನಿನ್ ಸರಿಹೋದ ಮೇಲೆ ಮಾತ್ರೆ ನಿಲ್ಲಿಸಬಹುದು.’ ಇದನ್ನು ನಂಬಿ ಯಾರಾದರೂ ಪ್ಯಾರೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಶುರುವಾಗಬಹುದು. ಅದು ದೇಹದಿಂದ ಬೇಗ ಹೊರಹೋಗುವ ಔಷಧ. ಫ್ಲುಆಕ್ಸೆಟಿನ್ ವಾರಗಟ್ಟಲೆ ಉಳಿಯುವುದರಿಂದ ಅದರಲ್ಲಿ ಈ ಕಾಟ ಕಡಿಮೆ. ವೈದ್ಯರ ಜೊತೆ ಮಾತಾಡಿ ಹಂತಹಂತವಾಗಿ ಇಳಿಸಬೇಕು ಎಂಬುದನ್ನು ಕಾರಣ ಸಮೇತ ಬರೆಯಿರಿ.

ಹೊಸ ಪ್ರತಿ 1,200 ಪದ ಮೀರದಿರಲಿ. ಡೋಪಮೈನ್‌ನಿಂದಲೇ ಆರಂಭಿಸಿ, ಸೆರೊಟೋನಿನ್ ನಂತರ ಬರಲಿ, ಉಳಿದವು ಬೇಗ ಮುಗಿಯಲಿ. ಕೋಷ್ಟಕದ ಜಾಗದಲ್ಲಿ ನಾಲ್ಕು ದಾರಿಗಳ ಒಂದು ಕೈಚಿತ್ರ ಕಳಿಸಿ. ಪೆನ್ಸಿಲಿನಲ್ಲಿ ಗೀಚಿದ್ದರೂ ಸಾಕು, ಅಂದವಾಗಿ ಬರೆಸುವ ಹೊಣೆ ನಮ್ಮದು.