ತಣ್ಣೀರು ಜೋರು, ಬಿಸಿನೀರು ಸಣ್ಣ: ಟೈಲ್ಸ್ ಹಾಕುವ ಮೊದಲೇ ಸರಿ ಮಾಡಿಸಿ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಹಳೇ ಮನೆ. ಬಚ್ಚಲುಮನೆ ಒಡೆದು ಹೊಸದಾಗಿ ಮಾಡಿಸುತ್ತಿದ್ದೇವೆ. ಗೋಡೆ ಕೆತ್ತಿ ಆಗಿದೆ, ಟೈಲ್ಸ್ ಇನ್ನೂ ಹಾಕಿಲ್ಲ. ಮೇಲಿನ ಟ್ಯಾಂಕಿಗೆ ಬೋರ್ ನೀರು. ತಣ್ಣೀರು ಚೆನ್ನಾಗಿ ಬರುತ್ತದೆ. ಗೀಸರ್ ನೀರು ಮಾತ್ರ ಸಣ್ಣಗೆ, ಬಕೆಟ್ ತುಂಬುವಷ್ಟರಲ್ಲಿ ಆರಿಯೇ ಹೋಗಿರುತ್ತದೆ. ಪ್ಲಂಬರ್ ಪ್ರೆಶರ್ ಪಂಪ್ ಹಾಕಿಸಿ ಎನ್ನುತ್ತಾರೆ. ಹಾಕಿಸೋಣವೇ?

ಉತ್ತರ: ಸದ್ಯಕ್ಕೆ ಬೇಡ. ನಲ್ಲಿಗೂ ಗೀಸರಿಗೂ ನೀರು ಬರುವುದು ಒಂದೇ ಟ್ಯಾಂಕಿನಿಂದ ಅಲ್ವಾ? ತಣ್ಣೀರು ಜೋರಾಗಿದೆ ಎಂದರೆ ಪ್ರೆಶರ್ ಇದೆ. ಬಿಸಿನೀರಿನ ದಾರಿಯಲ್ಲೇ ಎಲ್ಲೋ ಕಟ್ಟಿಕೊಂಡಿದೆ. ಅದನ್ನು ಬಿಡಿಸದೆ ಪಂಪ್ ಹಾಕಿದರೆ ದುಡ್ಡು ದಂಡ.

ನಮ್ಮ ಕಡೆ ಬೋರ್ ನೀರು ಬಹಳ ಕಡೆ ಗಡಸು. ಅದರಲ್ಲಿ ಕರಗಿರುವ ಸುಣ್ಣದ ಅಂಶ ತಣ್ಣಗಿದ್ದಾಗ ಅಷ್ಟಾಗಿ ಕಾಣಿಸುವುದಿಲ್ಲ. ಕಾದಾಗ ಬಿಳಿ ಕಲ್ಲಾಗಿ ಕೂರುತ್ತದೆ, 60 ಡಿಗ್ರಿ ದಾಟಿದರೆ ಇನ್ನೂ ಬೇಗ. ಅದಕ್ಕೇ ಬಿಸಿನೀರಿನ ಲೈನ್ ಮೊದಲು ಕಟ್ಟುತ್ತದೆ. ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿದ್ದರೆ ಗೀಸರ್ ಪಕ್ಕದ ಎಲ್ಬೋ, ಅಂದರೆ ಪೈಪು ತಿರುಗುವ ಕಡೆಯ ಜೋಡಣೆ, ಒಂದನ್ನು ಬಿಚ್ಚಿಸಿ ನೋಡಿ. ಹೊರಗಿನಿಂದ ಅರ್ಧ ಇಂಚು. ಒಳಗೆ ತುಕ್ಕು, ಸುಣ್ಣ ಸೇರಿ ಪೆನ್ಸಿಲ್ ತೂರುವಷ್ಟು ಸಂದಿ ಉಳಿದಿದ್ದರೂ ಆಶ್ಚರ್ಯವಿಲ್ಲ.

ತಪ್ಪು ಎಲ್ಲಿದೆ ಎಂದು ಬಕೆಟ್ ಹಿಡಿದೇ ಕಂಡುಹಿಡಿಯಬಹುದು. ಗೀಸರ್ ಕರೆಂಟ್ ಮೇನ್‌ನಲ್ಲೇ ಆಫ್ ಮಾಡಿ, ನೀರು ಪೂರ್ತಿ ಆರಲಿ. ಒಳಬರುವ ನೀರನ್ನು, ಗೋಡೆಯ ಪೈಪಿಗೂ ಗೀಸರಿಗೂ ನಡುವಿನ ತಿರುಪು ನಲ್ಲಿ, ಅಂದರೆ ಆಂಗಲ್ ಕಾಕ್‌ನಲ್ಲಿ ನಿಲ್ಲಿಸಿ, ಬಿಸಿನೀರು ಹೊರಬರುವ ಕಡೆಯ ಕನೆಕ್ಷನ್ ಪೈಪು ಬಿಚ್ಚಿಸಿ. ಈಗ ಕಾಕ್ ತೆರೆದು ನೇರ ಬಕೆಟ್‌ಗೆ ಹಿಡಿಯಿರಿ. ಜೋರಾಗಿ ಬಂದರೆ ಗೀಸರ್ ಸರಿ ಇದೆ, ಗೋಡೆಯೊಳಗಿನ ಪೈಪು ಅಥವಾ ಬಿಸಿನೀರು, ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ ಕೆಟ್ಟಿದೆ. ಸಣ್ಣಗೆ ಬಂದರೆ ಒಳಬರುವ ಕಡೆಯ ಪೈಪನ್ನೂ ಬಿಚ್ಚಿ ನೋಡಿ. ಅಲ್ಲಿ ಜೋರಾಗಿದ್ದರೆ ಗೀಸರ್ ಟ್ಯಾಂಕಿನಲ್ಲೋ ಅದರ ಬಾಯಲ್ಲಿರುವ ಸೇಫ್ಟಿ ವಾಲ್ವ್‌ನಲ್ಲೋ ಸುಣ್ಣ ಕೂತಿದೆ. ಅಲ್ಲೂ ಸಣ್ಣಗಿದ್ದರೆ ಆಂಗಲ್ ಕಾಕ್ ಅಥವಾ ಅದರ ಹಿಂದಿನ ಪೈಪು ನೋಡಿ.

ಒಂದು ಮಾತು ದಯವಿಟ್ಟು ಕೇಳಿ. ನೀರು ಜಾಸ್ತಿ ಬರಲಿ ಎಂದು ಆ ಸೇಫ್ಟಿ ವಾಲ್ವನ್ನೇ ಕಿತ್ತು ಹಾಕುವವರಿದ್ದಾರೆ. ಒಪ್ಪಲೇಬೇಡಿ. ನೀರು ಕಾದ ಮೇಲೆ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಕೈಕೊಟ್ಟರೆ ಒಳಗಿನ ಒತ್ತಡ ಹೊರಗೆ ಹೋಗುವುದು ಅದರಿಂದಲೇ. ಅದಿಲ್ಲದ ಗೀಸರ್ ಸಿಡಿಯಬಹುದು. ಕಟ್ಟಿದ್ದರೆ ಹೊಸದು ಹಾಕಿಸಿ.

ಗೋಡೆ ಹೇಗೂ ತೆರೆದಿದೆ. ಹಳೇ ಬಿಸಿನೀರಿನ ಪೈಪಿನ ಒಂದು ತುಂಡನ್ನೂ ಒಳಗೆ ಉಳಿಸಬೇಡಿ. ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪು ಸಿಪಿವಿಸಿ ಹಾಕಿಸಿ, ಮಾಮೂಲಿ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ಅಳತೆಯಲ್ಲಿ ಮಾತ್ರ ಜಿಪುಣತನ ಬೇಡ. ಅರ್ಧ ಇಂಚಿನ ಸಿಪಿವಿಸಿಯ ಒಳಗಿನ ಅಗಲ ಸುಮಾರು 12 ಮಿ.ಮೀ., ಮುಕ್ಕಾಲು ಇಂಚಿನದು ಸುಮಾರು 18. ನೀರು ಹರಿಯುವ ಜಾಗ ಎರಡರಷ್ಟಾಗುತ್ತದೆ. ಟ್ಯಾಂಕಿನಿಂದ ಗೀಸರಿಗೆ, ಗೀಸರಿನಿಂದ ಮಿಕ್ಸರ್ ಹತ್ತಿರದವರೆಗೆ ಮುಕ್ಕಾಲು ಇಂಚು ಬರಲಿ, ಕೊನೆಯ ಗೇಣುದ್ದ ಮಾತ್ರ ಅರ್ಧ ಇಂಚು ಸಾಕು. ಪೈಪು ನಡುವೆ ಏರಿ ಮತ್ತೆ ಇಳಿದರೆ ಆ ಉಬ್ಬಿನಲ್ಲಿ ಗಾಳಿ ನಿಂತು ನೀರು ತಡೆಯುತ್ತದೆ, ಅದನ್ನೂ ನೋಡಿಕೊಳ್ಳಿ. ಗಾರೆ ಮುಚ್ಚುವ ಮೊದಲು ಪ್ರೆಶರ್ ಟೆಸ್ಟ್ ಮಾಡಿಸಿ, ಅಂದರೆ ಒತ್ತಡದಲ್ಲಿ ನೀರು ತುಂಬಿ ಸೋರುತ್ತದೆಯೇ ನೋಡಿಸಿ. ಮಿಕ್ಸರ್ ಕೂರಿಸುವ ಮೊದಲು ಪೈಪಿನ ಬಾಯಿ ತೆರೆದು ನೀರು ಬಿಡಿ, ಸಿಮೆಂಟ್ ಚೂರು, ಟೇಪ್ ತುಂಡು ಎಲ್ಲ ಹೊರಗೆ ಬರಲಿ.

ದೊಡ್ಡ ರೇನ್ ಶವರ್ ಆಸೆ ಇದ್ದರೆ ಮಾತ್ರ ಪಂಪ್ ಯೋಚಿಸಿ. ಟ್ಯಾಂಕ್ ಶವರಿಗಿಂತ 3 ಮೀಟರ್ ಮೇಲಿದ್ದರೆ ಸಿಗುವುದು ಚದರ ಸೆಂ.ಮೀ.ಗೆ ಸುಮಾರು 0.3 ಕೆಜಿ ಪ್ರೆಶರ್, ಅಂಥ ಶವರಿಗೆ ಅದು ಸಾಲದು. ಪಂಪನ್ನು ಟ್ಯಾಂಕಿನ ಬುಡದಲ್ಲಿ, ಎರಡೂ ಲೈನಿಗೆ ಸೇರುವಂತೆ ಹಾಕಿಸಿ. ತಣ್ಣೀರಿಗೆ ಮಾತ್ರ ಹಾಕಿದರೆ ಮಿಕ್ಸರ್‌ನಲ್ಲಿ ಅದು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ನಿಮ್ಮ ಗೀಸರ್ ಎಷ್ಟು ಪ್ರೆಶರ್ ತಡೆಯುತ್ತದೆ ಎಂದು ಅದರ ಮೇಲಿನ ಚೀಟಿಯಲ್ಲೇ ಬರೆದಿರುತ್ತದೆ, ಓದಿಕೊಂಡು ಪಂಪ್ ಕೊಳ್ಳಿ.