ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯ ಹೈ-ಫೈ ಮತ್ತು ಮೆಚ್ಚಿನ ಆಲ್ಬಂ

ಪ್ರಶ್ನೆ: ನಾವು ಕೆಲವು ಗೆಳೆಯರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ತಮಗೆ ಮೆಚ್ಚಾದ ಆಲ್ಬಂಗಳನ್ನು ಕೇಳಿಸುತ್ತೇವೆ. ಒಂದು ಮನೆಯಲ್ಲಿ ಮೈಮರೆಸಿದ ಧ್ವನಿಮುದ್ರಣ ಇನ್ನೊಂದು ಮನೆಯಲ್ಲಿ ಸಪ್ಪೆಯಾಗಿ ಕೇಳುತ್ತದೆ. ಆಮೇಲೆ ಮಾತು ಸಂಗೀತವನ್ನು ಬಿಟ್ಟು ಆಂಪ್ಲಿಫೈಯರಿನ ಮೇಲೆ, ಅಲ್ಲಿಂದ ಕೇಬಲ್ಲಿನ ಮೇಲೆ ಹೋಗುತ್ತದೆ. ಇದಕ್ಕೆ ಪರಿಹಾರವೇನು?

ಉತ್ತರ: ಉಪಕರಣವನ್ನು ದೂರುವ ಮೊದಲು ವಾಲ್ಯೂಮನ್ನು ವಿಚಾರಿಸಿಕೊಳ್ಳಿ. ಸದ್ದು ಕಡಿಮೆಯಾದಂತೆ ನಮ್ಮ ಕಿವಿಗೆ ಮಂದ್ರ ಸ್ವರಗಳು ಉಳಿದವುಗಳಿಗಿಂತ ಬೇಗ ಕ್ಷೀಣಿಸುತ್ತವೆ ಎಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದರು. ಆದ್ದರಿಂದ ಒಬ್ಬರ ಮನೆಯಲ್ಲಿ ಧಾರಾಳವಾಗಿ ಕೇಳಿದ ಆಲ್ಬಂ, ನೆರೆಯವರಿಗೆ ಅಂಜಿ ಸದ್ದು ತಗ್ಗಿಸಿದ ಮನೆಯಲ್ಲಿ ತೆಳುವಾಗಿ ಕೇಳಿದರೆ ಅದರಲ್ಲಿ ಆಂಪ್ಲಿಫೈಯರಿನ ತಪ್ಪು ಹುಡುಕಬೇಕಾಗಿಲ್ಲ. ಇದಕ್ಕಿಂತಲೂ ಮೋಸಗೊಳಿಸುವ ಸಂಗತಿ ಇನ್ನೊಂದಿದೆ. ಎರಡು ಉಪಕರಣಗಳ ನಡುವೆ, ಸದ್ದಿನ ಮಟ್ಟವನ್ನು ಅಳೆಯುವ ಮಾನದಲ್ಲಿ, ಒಂದು ಡೆಸಿಬೆಲ್‌ನಷ್ಟು ವ್ಯತ್ಯಾಸವಿದ್ದರೆ ಅದು 'ಜೋರು' ಎಂದು ನಮಗೆ ತೋಚುವುದಿಲ್ಲ; 'ಹೆಚ್ಚು ಸ್ಪಷ್ಟ', 'ಹೆಚ್ಚು ಜೀವಂತ' ಎಂದು ತೋಚುತ್ತದೆ.

ಒಂದೇ ಕೋಣೆಯಲ್ಲಿ ಎರಡು ಆಂಪ್ಲಿಫೈಯರುಗಳನ್ನು ಹೋಲಿಸುವುದಾದರೆ, ಸೆಕೆಂಡಿಗೆ ನೂರು ಕಂಪನಗಳ, ಅಂದರೆ 100 ಹರ್ಟ್ಜ್‌ನ ಒಂದೇ ಸ್ವರವನ್ನು ನುಡಿಸಿ, ಸ್ಪೀಕರಿಗೆ ತಂತಿ ಜೋಡಿಸುವ ಎರಡು ತುದಿಗಳ ನಡುವಿನ ಎ.ಸಿ. ವೋಲ್ಟೇಜನ್ನು ಮೀಟರಿನಿಂದ ನೋಡಿ. ಮೊದಲನೆಯದು 2.00 ವೋಲ್ಟ್ ತೋರಿಸಿ ಎರಡನೆಯದು 2.24 ತೋರಿಸಿದರೆ ಆಗಲೇ ಒಂದು ಡೆಸಿಬೆಲ್ ಅಂತರವಾಯಿತು. ಶೇಕಡ ಒಂದರ ಒಳಗೆ ಬರುವ ತನಕ ವಾಲ್ಯೂಮಿನ ಗುಂಡಿಯನ್ನು ಹೊಂದಿಸಿ. ಅಳೆಯುವಾಗ ಮೀಟರಿನ ಕಡ್ಡಿಗಳ ತುದಿ ಒಂದಕ್ಕೊಂದು ತಗುಲದಂತೆ ಎಚ್ಚರ ವಹಿಸಬೇಕು, ತಗುಲಿದರೆ ಆಂಪ್ಲಿಫೈಯರಿಗೇ ಪೆಟ್ಟು. ಬೇರೆ ಬೇರೆ ಮನೆಗಳಲ್ಲಿ ಕೇಳುವಾಗ ಇಷ್ಟೊಂದು ನಿಖರತೆ ಬೇಕಿಲ್ಲ. ಪ್ರತಿ ಮನೆಯಲ್ಲೂ ಅದೇ ಫೋನಿನ ಧ್ವನಿಮಾಪಕವನ್ನು ಕೇಳುಗರ ತಲೆಯಿರುವ ಜಾಗದಲ್ಲಿ ಹಿಡಿದು, ಅದೇ ಹಾಡಿನ ಅದೇ ಭಾಗಕ್ಕೆ ಹೆಚ್ಚುಕಡಿಮೆ ಅಷ್ಟೇ ಅಂಕಿ ಬರುವಂತೆ ನೋಡಿಕೊಂಡರೆ ಸಾಕು.

ಇನ್ನು ಕೇಳಿಸುವ ಕ್ರಮದ ವಿಷಯ. ಹತ್ತು ಹಾಡುಗಳಿಂದ ಅರ್ಧರ್ಧ ನಿಮಿಷ ನುಡಿಸಿ 'ತಾಳದ ಆ ಝಣತ್ಕಾರ ಕೇಳಿಸಿತೇ?' ಎನ್ನುವವರು ಆಲ್ಬಮನ್ನು ಹಂಚಿಕೊಳ್ಳುತ್ತಿಲ್ಲ, ಪೆಟ್ಟಿಗೆಗಳ ಪ್ರದರ್ಶನ ನಡೆಸುತ್ತಿದ್ದಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್‌ಪಿಯ (ವಿನೈಲ್ ತಟ್ಟೆಯ) ಒಂದು ಮಗ್ಗುಲು ಸುಮಾರು ಇಪ್ಪತ್ತು ನಿಮಿಷಗಳದ್ದು, ಜೊತೆಯಲ್ಲಿ ಕೂತು ಕೇಳುವುದಕ್ಕೆ ಹೇಳಿ ಮಾಡಿಸಿದ ಅಳತೆ. ಫೈಲಿನಿಂದ ಕೇಳುವಾಗಲೂ ಅಷ್ಟನ್ನೇ ಒಂದು ಬೈಠಕ್ಕಾಗಿ ಇಟ್ಟುಕೊಳ್ಳಬಹುದು. ತಂದವರು ಮೊದಲು ಎರಡೇ ಮಾತಿನಲ್ಲಿ ಕಿವಿಗೊಡಬೇಕಾದ ಜಾಗವನ್ನು, ಉದಾಹರಣೆಗೆ ಪಿಟೀಲಿನ ಕಮಾನು ದಿಕ್ಕು ಬದಲಿಸುವಾಗ ಉಸಿರಿನಂತಹ ಸದ್ದು ಉಳಿದಿರುವ ಎಡೆಯನ್ನು, ಸೂಚಿಸಿ ಸುಮ್ಮನಾಗಲಿ. ಚರ್ಚೆ ಮಗ್ಗುಲು ಮುಗಿದ ಮೇಲೆ.

ಪ್ರಶ್ನೆ: ಹಿಂಗೋಡೆಗೆ ಒರಗಿದ ಸೋಫಾದಲ್ಲಿ ಕೂತರೆ ಬೇಸ್ ಗುಂಯ್‌ಗುಡುತ್ತದೆ. ಕೋಣೆಯ ನಡುವೆ ಕುರ್ಚಿ ಹಾಕಿಕೊಂಡ ಅತಿಥಿಗಳು ಬೇಸ್ ಇಲ್ಲವೇ ಇಲ್ಲ ಎನ್ನುತ್ತಾರೆ. ದಪ್ಪ ಪರದೆ, ಜಮಖಾನ ಹಾಕಿದ್ದೂ ಫಲ ಕೊಡಲಿಲ್ಲ.

ಉತ್ತರ: ಇಬ್ಬರೂ ಹೇಳುತ್ತಿರುವುದು ನಿಜವೇ. ಎದುರುಬದುರು ಗೋಡೆಗಳ ನಡುವೆ ಶಬ್ದದ ಅರ್ಧ ಅಲೆ ಸರಿಯಾಗಿ ಹಿಡಿಸುವ ಕಂಪನಾಂಕದಲ್ಲಿ ಕೋಣೆಯೇ ಅನುರಣಿಸುತ್ತದೆ. ನಾಲ್ಕು ಮೀಟರ್ ಉದ್ದದ ಕೋಣೆಯಲ್ಲಿ ಅದು ಸುಮಾರು 43 ಹರ್ಟ್ಜ್. ಡಬಲ್ ಬೇಸ್ ವಾದ್ಯದ ಅತಿ ಕೆಳಗಿನ ತಂತಿ ಬೆರಳೊತ್ತದೆ ಬಿಟ್ಟಾಗ ನುಡಿಯುವುದು 41 ಹರ್ಟ್ಜ್‌ನಲ್ಲಿ, ಹಾಗಾಗಿ ಅದರ ಮೊದಲ ಒಂದೆರಡು ಸ್ವರಗಳು ಮಾತ್ರ ಊದಿಕೊಂಡು ಉಳಿದವು ನೆಟ್ಟಗಿರುತ್ತವೆ. ಈ ಅಲೆಯ ಒತ್ತಡ ಗೋಡೆಯ ಬಳಿ ಗರಿಷ್ಠ, ನಟ್ಟನಡುವೆ ಶೂನ್ಯಕ್ಕೆ ಹತ್ತಿರ. ಪರದೆ, ಜಮಖಾನಗಳು ತಡೆಯುವುದು ಮೇಲಿನ ಸ್ವರಗಳನ್ನು; ಎಂಟು ಮೀಟರ್ ಉದ್ದದ ಅಲೆಗೆ ಅವು ಲೆಕ್ಕಕ್ಕಿಲ್ಲ.

ಸೋಫಾವನ್ನು ಗೋಡೆಯಿಂದ ಗೇಣು ಗೇಣಾಗಿ ಮುಂದಕ್ಕೆ ಸರಿಸುತ್ತ, ಬೇಸ್ ವಾದ್ಯ ಮೆಟ್ಟಿಲಿಳಿದಂತೆ ಒಂದೊಂದೇ ಸ್ವರ ಇಳಿಯುವ ಹಾಡನ್ನು ಕೇಳಿ. ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಒಂದೇ ತೂಕದಲ್ಲಿ ಬರುವ ಜಾಗ ಸಿಕ್ಕಲ್ಲಿ ನಿಲ್ಲಿಸಿ. ಸ್ಪೀಕರುಗಳನ್ನು ಮೂಲೆಯಿಂದ ಈಚೆಗೆ ತರುವುದರಿಂದಲೂ ಗುಂಯ್‌ಗುಟ್ಟುವಿಕೆ ತಗ್ಗುತ್ತದೆ. ಜೊತೆಯಲ್ಲಿ ಹಲವರು ಕೇಳುವಾಗ ಇನ್ನೊಂದು ಉಪಾಯವುಂಟು. ಸ್ಪೀಕರುಗಳನ್ನು ಸಾಕಷ್ಟು ಒಳಮುಖವಾಗಿ ತಿರುಗಿಸಿ, ಅವುಗಳ ನೇರ ರೇಖೆಗಳು ಕೇಳುಗರ ಮುಂದೆಯೇ ಒಂದನ್ನೊಂದು ಹಾಯುವಂತೆ ಮಾಡಿ. ಬಲಬದಿಯಲ್ಲಿ ಕೂತವರಿಗೆ ದೂರದ ಎಡ ಸ್ಪೀಕರು ನೇರವಾಗಿಯೂ, ಹತ್ತಿರದ ಬಲ ಸ್ಪೀಕರು ಓರೆಯಾಗಿಯೂ ಕೇಳುವುದರಿಂದ ಗಾಯಕರ ದನಿ ಪೂರ್ತಿ ಒಂದೇ ಬದಿಗೆ ವಾಲುವುದಿಲ್ಲ.

ಪ್ರಶ್ನೆ: ಗೆಳೆಯರು ಸೂಚಿಸಿದ ಆಲ್ಬಮನ್ನೇ ಕೊಂಡೆ. ಆದರೆ ಅವರ ಪ್ರತಿಯಂತೆ ನನ್ನದು ಕೇಳುತ್ತಿಲ್ಲವಲ್ಲ?

ಉತ್ತರ: ಆಲ್ಬಂ ಒಂದೇ ಇರಬಹುದು, ಮುದ್ರಣ ಬೇರೆಯಿರಬೇಕು. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸರ 1959ರ 'ಕೈಂಡ್ ಆಫ್ ಬ್ಲೂ' ಇದಕ್ಕೆ ಪ್ರಸಿದ್ಧ ನಿದರ್ಶನ. ಮೊದಲ ಮಗ್ಗುಲಿನ ಮೂರು ರಚನೆಗಳನ್ನು ದಾಖಲಿಸಿದ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ, ಸರಿಯಾದ ವೇಗದಲ್ಲಿ ನುಡಿಸಿದಾಗ ಅವುಗಳ ಶ್ರುತಿ ಕೊಂಚ ಏರಿತ್ತು. ದಶಕಗಟ್ಟಲೆ ಜನ ಹಾಗೆಯೇ ಕೇಳಿದರು. 1992ರ ಮರುಮುದ್ರಣದಲ್ಲಿ, ಸರಿಯಾದ ವೇಗದಲ್ಲಿ ಓಡಿದ್ದ ಇನ್ನೊಂದು ಟೇಪನ್ನು ಬಳಸಿ ಅದನ್ನು ತಿದ್ದಲಾಯಿತು. ಬೇರೆ ಎಷ್ಟೋ ಮರುಮುದ್ರಣಗಳಲ್ಲಿ ಮೆಲುದನಿಯ ಭಾಗಗಳನ್ನು ಎತ್ತಿ, ಜೋರಿನ ತುದಿಗಳನ್ನು ಅದುಮಿ, ಒಟ್ಟು ಸದ್ದನ್ನು ಹೆಚ್ಚಿಸಿರುತ್ತಾರೆ. ಆಲ್ಬಂ ಸೂಚಿಸುವಾಗ ಕಲಾವಿದರ ಹೆಸರಿನ ಜೊತೆಗೆ ಮುದ್ರಣದ ವರ್ಷ ಮತ್ತು ಹೊದಿಕೆಯ ಮೇಲಿನ ಕ್ಯಾಟಲಾಗ್ ಸಂಖ್ಯೆಯನ್ನೂ ಕೇಳಿ ಬರೆದುಕೊಳ್ಳಿ.

ಪ್ರಶ್ನೆ: ಸಿಡಿಗಿಂತ ಹೆಚ್ಚಿನ ರೆಸಲ್ಯೂಶನ್ನಿನ ಫೈಲುಗಳು ಅಗತ್ಯವೇ?

ಉತ್ತರ: ಕೇಳುವುದಕ್ಕೆ ಅಗತ್ಯವಿಲ್ಲ. ಸೆಕೆಂಡಿಗೆ 44,100 ಮಾದರಿಗಳ (ಸದ್ದಿನ ಅಳತೆಗಳ), ಒಂದೊಂದೂ 16 ಬಿಟ್‌ನ ಸಿಡಿ ಮನುಷ್ಯನ ಕಿವಿಗೆ ನಿಲುಕುವ 20,000 ಹರ್ಟ್ಜ್ ವರೆಗಿನ ಎಲ್ಲವನ್ನೂ ಹಿಡಿಯುತ್ತದೆ. ದೊಡ್ಡ ಫೈಲು ಚೆನ್ನಾಗಿ ಕೇಳಿದರೆ ಅದು ಬೇರೆ ಮಾಸ್ಟರಿನಿಂದ (ಪ್ರತಿಗಳನ್ನು ತೆಗೆಯುವ ಮೂಲ ಮುದ್ರಣದಿಂದ) ಬಂದದ್ದಿರಬಹುದು. ಹಾಗಿದ್ದಲ್ಲಿ ಅದನ್ನೇ ಕೊಳ್ಳಲು ಅಡ್ಡಿಯಿಲ್ಲ.