ಸಿಮೆಂಟ್ ಸಾಗಿಸಲು ಹಳೆಯ ಪಿಕಪ್ ಕೊಳ್ಳುವಾಗ ಏನನ್ನು ನೋಡಬೇಕು?

ಬೆಂಗಳೂರಿನಲ್ಲಿ ಸಿಮೆಂಟ್ ಅಂಗಡಿ ಇಟ್ಟಿರುವ ತಾವು, ಒಂದು ಸಲಕ್ಕೆ 30 ಮೂಟೆ ಸಾಗಿಸಲು ಆರು ವರ್ಷ ಹಳೆಯ ಪಿಕಪ್ ನೋಡಿದ್ದೀರಿ. ಮೀಟರಿನಲ್ಲಿರುವ ಕಿಲೋಮೀಟರನ್ನು ನಂಬಬಹುದೇ ಎಂದು ಕೇಳಿದ್ದೀರಿ. ಮೀಟರನ್ನು ಬದಿಗಿಟ್ಟು ಮೊದಲು ಆರ್‌ಸಿಯನ್ನೂ (ನೋಂದಣಿ ಪತ್ರ) ಚಾಸಿಯನ್ನೂ (ಗಾಡಿಯ ಭಾರ ಹೊರುವ ಅಡಿಚೌಕಟ್ಟು) ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಮೂಟೆಗೆ 50 ಕೆಜಿಯಂತೆ ನಿಮ್ಮ ಸರಕು 1,500 ಕೆಜಿ. ಆರ್‌ಸಿಯಲ್ಲಿ ಸರಕು ಸಮೇತ ಒಟ್ಟು ತೂಕ 2,900, ಖಾಲಿ ತೂಕ 1,700 ಎಂದಿದ್ದರೆ ಉಳಿಯುವುದು 1,200 ಕೆಜಿ. ಅದರಲ್ಲಿ ಚಾಲಕ ಮತ್ತು ಹಮಾಲಿಯ ತೂಕ ಕಳೆದರೆ 21 ಮೂಟೆಗಷ್ಟೇ ಅವಕಾಶ. ಹಿಂದಿನ ಮಾಲೀಕರು ಕಬ್ಬಿಣದ ತಗಡು ಹಾಸಿ, ಪಕ್ಕದ ಹಲಗೆಗಳನ್ನು ಎತ್ತರಿಸಿದ್ದರೆ ಅದೂ ನಿಮ್ಮ ಸರಕಿನ ಪಾಲನ್ನೇ ತಿನ್ನುತ್ತದೆ. ಆದ್ದರಿಂದ ಖಾಲಿ ಗಾಡಿಯನ್ನು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿ. ಅಧಿಕ ಭಾರಕ್ಕೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ 20,000 ರೂಪಾಯಿ ದಂಡವನ್ನೂ, ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ಹೇಳುತ್ತದೆ.

ನಾನು ಕೊಂಡ ಮೊದಲ ಪಿಕಪ್ಪಿನ ಅಡಿಭಾಗಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಚೊಕ್ಕವಾಗಿದೆ ಎಂದು ಸಂತೋಷಪಟ್ಟೆ. ನಾಲ್ಕು ತಿಂಗಳ ನಂತರ, ಹಿಂದಿನ ಲೀಫ್ ಸ್ಪ್ರಿಂಗ್ (ಭಾರ ತಾಳುವ ಉಕ್ಕಿನ ಪಟ್ಟಿಗಳ ಕಟ್ಟು) ಚಾಸಿಗೆ ಸೇರುವ ಬ್ರಾಕೆಟ್ಟಿನ ಬಳಿ ಹಳೆಯ ವೆಲ್ಡಿಂಗ್ ಬಿಟ್ಟುಕೊಂಡಿತು. ಹೇರಿದ ಗಾಡಿ ಒಂದು ಕಡೆಗೆ ವಾಲಿ ರಸ್ತೆಯಲ್ಲೇ ನಿಂತಾಗ ನನ್ನ ಚಾಲಕನಿಗೆ ಏನಾದರೂ ಆಗಿದ್ದರೆ ಎಂಬ ಭಯ ಇಂದಿಗೂ ಇದೆ. ಹಾಗಾಗಿ ಟಾರ್ಚ್ ಹಿಡಿದು ಅಲ್ಲಿಯೇ ನೋಡಿ: ಬಿರುಕು, ಅಂಟಿಸಿದ ತುಂಡು, ಚಪ್ಪಟೆಯಾದ ಅಥವಾ ಹೊಸದಾಗಿ ಸೇರಿಸಿದ ಸ್ಪ್ರಿಂಗ್ ಪಟ್ಟಿ, ಒಳಅಂಚಿನಲ್ಲಿ ಮಾತ್ರ ಸವೆದ ಹಿಂದಿನ ಟೈರು, ಇವೆಲ್ಲ ಆ ಗಾಡಿ ಹೊತ್ತ ಅತಿಭಾರವನ್ನು ತೋರಿಸಬಹುದು.

ಎಂಜಿನ್ನನ್ನು ಬೆಳಿಗ್ಗೆ ತಣ್ಣಗಿರುವಾಗಲೇ ಚಾಲೂ ಮಾಡಿಸಿ, ನಂತರ ಆಯಿಲ್ ಮುಚ್ಚಳ ತೆಗೆದು ಹೊಗೆ ಉಕ್ಕುತ್ತದೆಯೇ ನೋಡಿ. ಕ್ಲಚ್ಚನ್ನು ಮಾತ್ರ ಸರಕು ಹೇರಿ, ಏರಿನಲ್ಲಿಯೇ ಪರೀಕ್ಷಿಸಿ.

ಕಾಗದಪತ್ರಗಳಲ್ಲಿ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಅವಧಿ ಮುಖ್ಯ. ಎಂಟು ವರ್ಷ ತುಂಬಿದ ಮೇಲೆ ಅದನ್ನು ಪ್ರತಿ ವರ್ಷ ಮಾಡಿಸಬೇಕಾಗುತ್ತದೆ. ಆರ್‌ಸಿಯಲ್ಲಿ ಸಾಲ ನಮೂದಾಗಿದ್ದರೆ, ಫೈನಾನ್ಸಿನವರ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಸಾಲದ ನಮೂದು ತೆಗೆಸಲು ಬೇಕಾದ, ಸಹಿಯಾದ 35ನೇ ನಮೂನೆ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.